ಅಕ್ಕೋರ ನೋಟ್‌ಬುಕ್ ಮತ್ತು ಮೇಲೇರದ ಅಂಬಾಸಿಡರ್

ಹೋದ ಏಪ್ರಿಲ್‌ನಲ್ಲಿ ಒಂದು ಬೆಳಗ್ಗೆ, ಬಿಸಿಲು ಏರುವ ಮುಂಚೆ, ನಮ್ಮ ಗ್ಯಾರೇಜ್ ಮುಂದೆ ಕೆನೆಬಣ್ಣದ ಅಂಬಾಸಿಡರ್ ಒಂದು ಬಂದು ನಿಂತಿತು. 1984ರ ಮಾರ್ಕ್ 4, ಪೆಟ್ರೋಲ್ ಗಾಡಿ. ಕಲಬುರಗಿಯಲ್ಲಿ ಈಗ ಅಂಬಾಸಿಡರ್ ಕಾಣುವುದೇ ಅಪರೂಪ. ಕಂಡರೂ ಡೀಸೆಲ್ಲೇ ಜಾಸ್ತಿ. ಪೆಟ್ರೋಲ್ ಎಂಜಿನ್ನಿನ ಆ ಮೆತ್ತನೆಯ ಶಬ್ದ ಕೇಳಿದ ಕೂಡಲೇ ಕೈಯಲ್ಲಿದ್ದ ಪಾನಾ ಕೆಳಗಿಟ್ಟು ಎದ್ದು ಬಂದೆ.

ಓಡಿಸಿಕೊಂಡು ಬಂದವರು ಒಬ್ಬರು ಅಕ್ಕೋರು. ಮೂವತ್ತು ವರ್ಷಕ್ಕೂ ಜಾಸ್ತಿ ಸರಕಾರಿ ಶಾಲೆಯಲ್ಲಿ ಕಲಿಸಿ ರಿಟೈರ್ ಆದವರು. ಗಾಡಿ ಅವರ ಯಜಮಾನರದು. ಅವರು ತೀರಿಕೊಂಡ ಮೇಲೆ ಆರು ವರ್ಷ ತಾಡಪತ್ರಿ ಹೊದ್ದು ಮನೆ ಪಕ್ಕದಲ್ಲೇ ನಿಂತಿತ್ತಂತೆ. ಎರಡು ವರ್ಷದ ಹಿಂದೆ ಅಕ್ಕೋರು ಮನಸ್ಸು ಮಾಡಿ ಹೊರಗೆ ತೆಗೆಸಿದ್ದಾರೆ. ತವರುಮನೆ ಹುಮನಾಬಾದಿಗೆ ಅದರಲ್ಲೇ ಹೋಗಿ ಬರಬೇಕು ಅನ್ನುವುದು ಅವರ ಆಸೆ.

"ತಮ್ಮಾ, ಈ ಗಾಡಿ ಎಳಿವಲ್ದು. ಮೊದಲ ಹಿಂಗ ಇದ್ದಿಲ್ಲ. ಅರವತ್ತರ ತನಕ ಹೋಗ್ತದ, ಆಮ್ಯಾಲ ಏನ್ ಮಾಡಿದ್ರೂ ಏರಂಗಿಲ್ಲ," ಅಂದರು. ಆಮೇಲೆ ಬ್ಯಾಗಿನಿಂದ ಇನ್ನೂರು ಪುಟದ ಒಂದು ನೋಟ್‌ಬುಕ್ ತೆಗೆದು ನನ್ನ ಕೈಗೆ ಕೊಟ್ಟರು.

ಇಪ್ಪತ್ತೆರಡು ವರ್ಷದಿಂದ ಈ ಕೆಲಸ ಮಾಡುತ್ತಿದ್ದೇನೆ. ಗಾಡಿಯ ರೋಗವನ್ನು ಬರೆದುಕೊಂಡು ಬಂದವರನ್ನು ನಾನು ನೋಡಿದ್ದು ಅದೇ ಮೊದಲು. ತಾರೀಖು, ಎಷ್ಟು ಹೊತ್ತಿಗೆ ಹೊರಟಿದ್ದು, ಗಾಡಿಯಲ್ಲಿ ಎಷ್ಟು ಜನ, ಎಲ್ಲಿ ಏನಾಯಿತು, ಎಲ್ಲವೂ ದುಂಡನೆಯ ಅಕ್ಷರದಲ್ಲಿ. ಹಿಂದೆ ತೋರಿಸಿದ್ದ ಒಂದು ಗ್ಯಾರೇಜಿನ ಬಿಲ್ಲುಗಳನ್ನೂ ಪಿನ್ ಹಾಕಿ ಇಟ್ಟಿದ್ದರು. ನಾಲ್ಕು ತಿಂಗಳಲ್ಲಿ ಪ್ಲಗ್, ಪಾಯಿಂಟ್, ಕಂಡೆನ್ಸರ್, ಕಾಯಿಲ್, ಕಾರ್ಬೋರೇಟರ್ ಕಿಟ್ ಎಲ್ಲ ಹೊಸದು. ಖರ್ಚು ಹದಿನಾಲ್ಕು ಸಾವಿರದ ಮೇಲೆ. ಮೂರು ಬಿಲ್ಲಿನಲ್ಲಿ ಒಂದೇ ಸಾಲು ಇತ್ತು: "ಟೈಮಿಂಗ್ ಚೆಕ್ ಮಾಡಿದೆ, ಸರಿ ಇದೆ." ಟೈಮಿಂಗ್ ಅಂದರೆ ಸಿಲಿಂಡರಿನಲ್ಲಿ ಸ್ಪಾರ್ಕ್ ಬೀಳುವ ಹೊತ್ತು. ಬಿಲ್ಲಿನ ಆ ಸಾಲನ್ನು ನೆನಪಿಡಿ. ಅದು ಸುಳ್ಳಲ್ಲ. ಆದರೆ ಇಡೀ ಪ್ರಕರಣ ನಿಂತಿರುವುದು ಆ ಸಾಲಿನ ಮೇಲೇ.

ನೋಟ್‌ಬುಕ್ಕಿನಲ್ಲಿ ನನಗೆ ಮುಖ್ಯ ಅನ್ನಿಸಿದ ಸಾಲುಗಳನ್ನು ಹಾಗೇ ಬರೆಯುತ್ತೇನೆ.

"ಹುಮನಾಬಾದ ರಸ್ತೆ. ಟಾಪ್ ಗೇರ್ 65. ಮುಂದೆ ಇಲ್ಲ."

"ಥರ್ಡ್ ಗೇರ್ 45ಕ್ಕೇ ತಿಣುಕುತ್ತದೆ."

"ಮಹಾಗಾಂವ ಕ್ರಾಸ್ ದಾಟಿದ ಮೇಲೆ ಜಗ್ಗಿ ಜಗ್ಗಿ ನಿಂತಿತು. ಐದು ನಿಮಿಷ ಬಿಟ್ಟು ಮತ್ತೆ ಚಾಲೂ."

"ಪೂರಾ ಒತ್ತಿದರೆ ಸುಸ್ತು. ಸ್ವಲ್ಪ ಬಿಟ್ಟರೆ ಹಗುರ."

"ನೀರು ಬಿಸಿ. ಮುಳ್ಳು ಮೇಲಕ್ಕೆ."

ಕೊನೆಯ ಸಾಲನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಏಪ್ರಿಲ್-ಮೇ ತಿಂಗಳಲ್ಲಿ ನಮ್ಮೂರಲ್ಲಿ 42-43 ಡಿಗ್ರಿ ಮಾಮೂಲು. ಹಳೇ ಗಾಡಿಯ ಮುಳ್ಳು ಏರದಿದ್ದರೇ ಆಶ್ಚರ್ಯ. "ಬ್ಯಾಸಗಿಗಿ ಎಲ್ಲಾ ಗಾಡಿನೂ ಬಿಸಿ ಆಗ್ತಾವ್ರಿ ಅಕ್ಕೋರೆ," ಅಂದೆ. ಅವರು ಸುಮ್ಮನೆ ನನ್ನ ಮುಖ ನೋಡಿದರು. ಶಾಲೆಯಲ್ಲಿ ಉತ್ತರ ತಪ್ಪಾದಾಗ ಹಾಗೇ ನೋಡುತ್ತಿದ್ದರೋ ಏನೋ.

ಮೊದಲ ದಿನ

ಈ ಎಂಜಿನ್ ಬಗ್ಗೆ ಎರಡು ಮಾತು ಹೇಳಲೇಬೇಕು. ಹಿಂದೂಸ್ತಾನ್ ಮೋಟರ್ಸ್‌ನವರು ಉತ್ತರಪಾಡಾದಲ್ಲಿ ಅಂಬಾಸಿಡರ್‌ಗೆ ಹಾಕುತ್ತಿದ್ದ ಈ 1489 ಸಿಸಿ ಎಂಜಿನ್ ಮೂಲದಲ್ಲಿ ಇಂಗ್ಲೆಂಡಿನ ಬಿಎಂಸಿಯ ಬಿ-ಸೀರೀಸ್. ನಾಲ್ಕು ಸಿಲಿಂಡರ್, ಉದ್ದನೆಯ ಸ್ಟ್ರೋಕ್. ಹೆಚ್ಚೆಂದರೆ 50 ಹಾರ್ಸ್‌ಪವರ್, ಅದೂ 4200 ಆರ್‌ಪಿಎಂನಲ್ಲಿ, ಅಂದರೆ ನಿಮಿಷಕ್ಕೆ 4200 ಸುತ್ತಿನಲ್ಲಿ. ಇದು ಕಿರುಚಿಕೊಂಡು ಓಡುವ ಎಂಜಿನ್ ಅಲ್ಲ, ಕೆಳಗಿನ ಸುತ್ತಿನಲ್ಲಿ ಎತ್ತಿನ ಹಾಗೆ ಎಳೆಯುವ ಎಂಜಿನ್. ಆದರೂ ಸರಿ ಇದ್ದರೆ 3500 ತನಕ ಸಲೀಸಾಗಿ ಏರಬೇಕು. ಸಪಾಟು ರಸ್ತೆಯಲ್ಲಿ 80ಕ್ಕೆ ಹಾಯಾಗಿ ಓಡಬೇಕು.

ಈ ಗಾಡಿಯಲ್ಲಿ ಆರ್‌ಪಿಎಂ ಮೀಟರ್ ಇಲ್ಲ. ಕಾಯಿಲ್‌ಗೆ ನನ್ನ ಮೀಟರ್ ಸಿಕ್ಕಿಸಿ, ವೈರನ್ನು ಕಿಟಕಿಯಿಂದ ಒಳಗೆ ತಂದು ರಿಂಗ್ ರೋಡಿನಲ್ಲಿ ಒಂದು ಸುತ್ತು ಹೋದೆ. ಟಾಪ್‌ನಲ್ಲಿ 65ಕ್ಕೂ, ಥರ್ಡ್‌ನಲ್ಲಿ 45ಕ್ಕೂ ಮೀಟರಿನಲ್ಲಿ ಹೆಚ್ಚು ಕಡಿಮೆ ಅದೇ ಅಂಕಿ: 2600-2700. ಅಲ್ಲಿಂದ ಮೇಲೆ ಶಬ್ದ ಏರುತ್ತದೆ, ಓಟ ಏರುವುದಿಲ್ಲ. ಈ ಒಂದು ಅಂಕಿ ಸಿಕ್ಕಿದ್ದೇ ನನ್ನ ಪಾಲಿಗೆ ದೊಡ್ಡ ಸುಳಿವಾಗಬೇಕಿತ್ತು. ಅಷ್ಟು ಹೊತ್ತಿಗೆ ಗಾಡಿ ಜಗ್ಗಲು ಶುರುಮಾಡಿತು, ನನ್ನ ಗಮನ ಅತ್ತ ಹೋಯಿತು.

ಗ್ಯಾರೇಜಿಗೆ ಬಂದು ಮೊದಲು ನೋಡಿದ್ದು ಎಕ್ಸಲೇಟರ್. ಬಾಯಲ್ಲಿ ಹೇಳಿದರೆ ನಗುತ್ತಾರೆ, ಆದರೆ ಹಳೇ ಗಾಡಿಯಲ್ಲಿ ಇದನ್ನು ಬಿಟ್ಟು ಮುಂದೆ ಹೋಗಬಾರದು. ಹುಡುಗನನ್ನು ಸೀಟಿನ ಮೇಲೆ ಕೂರಿಸಿ ಪೆಡಲ್ ಪೂರಾ ಒತ್ತು ಅಂದೆ. ಏರ್ ಕ್ಲೀನರ್ ಬಿಚ್ಚಿ, ಗಾಳಿ-ಪೆಟ್ರೋಲ್ ಬೆರೆಸುವ ಎಸ್‌ಯು ಕಾರ್ಬೋರೇಟರಿನ ಪಿಸ್ಟನ್ನನ್ನು ಬೆರಳಿನಿಂದ ಮೇಲೆತ್ತಿ ಒಳಗೆ ನೋಡಿದೆ. ಗಾಳಿಯ ದಾರಿ ತೆರೆಯುವ ಬಿಲ್ಲೆ, ಬಟರ್‌ಫ್ಲೈ, ಮುಕ್ಕಾಲು ಭಾಗ ಮಾತ್ರ ತೆರೆಯುತ್ತಿತ್ತು. ಕಾರಣ, ಒಳಗೆ ಹೊಸದಾಗಿ ಹಾಕಿಸಿದ್ದ ದಪ್ಪ ಮ್ಯಾಟ್. ಪೆಡಲ್ ಕೆಳಗೆ ಅದನ್ನು ಕತ್ತರಿಸಿದೆವು. ಲಿಂಕಿನ ಸಡಿಲವನ್ನೂ ತೆಗೆದೆವು. ಈಗ ಪೂರಾ ತೆರೆಯಿತು. ಓಟದಲ್ಲಿ ವ್ಯತ್ಯಾಸ ಏನೂ ಆಗಲಿಲ್ಲ.

ಕಾರ್ಬೋರೇಟರ್ ಪಿಸ್ಟನ್ ಸಲೀಸಾಗಿ ಏರಿ ಇಳಿಯುತ್ತಿತ್ತು. ಬೆರಳು ಬಿಟ್ಟರೆ "ಟಕ್" ಅಂತ ಕೂರುತ್ತಿತ್ತು. ಅದು ಒಳ್ಳೇ ಲಕ್ಷಣ. ಆ ಪಿಸ್ಟನ್ ಮೇಲೆ ಎಣ್ಣೆ ನಿಲ್ಲುವ ಡ್ಯಾಶ್‌ಪಾಟ್‌ನಲ್ಲಿ ಮಾತ್ರ ಯಾರೋ ಗೇರ್ ಆಯಿಲ್ ಹಾಕಿದ್ದರು. ಅಷ್ಟು ಗಟ್ಟಿ ಎಣ್ಣೆ ಹಾಕಿದರೆ ಪಿಸ್ಟನ್ ನಿಧಾನ ಏರುತ್ತದೆ. ಒರೆಸಿ ತೆಗೆದು, ತೆಳು ಎಂಜಿನ್ ಆಯಿಲ್ ಹಾಕಿದೆ.

ಆಮೇಲೆ ಪೆಟ್ರೋಲ್. ಇದಕ್ಕೆ ಒಂದು ಸುಲಭದ ಲೆಕ್ಕ ಇದೆ. ಈ ಎಂಜಿನ್ನನ್ನು ಪೂರಾ ಒತ್ತಿ ಓಡಿಸಿದರೂ ಗಂಟೆಗೆ 15-16 ಲೀಟರ್ ಕುಡಿಯುತ್ತದೆ. ಅಂದರೆ ನಿಮಿಷಕ್ಕೆ ಕಾಲು ಲೀಟರ್. ಪಂಪ್ ಅದಕ್ಕಿಂತ ಧಾರಾಳವಾಗಿ ಕೊಡಬೇಕು. ಕಾರ್ಬೋರೇಟರಿಗೆ ಹೋಗುವ ಪೈಪನ್ನು ಬಿಚ್ಚಿ ಬಾಟಲಿಗೆ ಬಿಟ್ಟು, ಕಾರ್ಬೋರೇಟರಿನ ಪಕ್ಕದ ಸಣ್ಣ ಪೆಟ್ರೋಲ್ ಬಟ್ಟಲು, ಅಂದರೆ ಫ್ಲೋಟ್ ಚೇಂಬರಿನಲ್ಲಿ ಉಳಿದ ಪೆಟ್ರೋಲಿನ ಮೇಲೇ ಎಂಜಿನ್ ಓಡಿಸಿ, ಅರ್ಧ ನಿಮಿಷ ಹಿಡಿದೆ. (ಈ ಕೆಲಸವನ್ನು ಬಯಲಲ್ಲಿ, ತಣ್ಣನೆಯ ಎಂಜಿನ್ ಮೇಲೆ, ಪಕ್ಕದಲ್ಲಿ ಮರಳಿನ ಬಕೆಟ್ ಇಟ್ಟುಕೊಂಡೇ ಮಾಡಬೇಕು.) ಬಂದದ್ದು ಒಂದು ಸಣ್ಣ ಟೀ ಲೋಟದಷ್ಟು. ನಿಮಿಷಕ್ಕೆ 150 ಎಂಎಲ್ ಕೂಡ ಇಲ್ಲ.

ಡಿಕ್ಕಿ ಕಡೆಯಿಂದ ಪೈಪ್ ಹಿಡಿದುಕೊಂಡು ಬಂದೆ. ಟ್ಯಾಂಕಿನಿಂದ ಕಬ್ಬಿಣದ ಪೈಪಿಗೆ ಸೇರುವ ಜಾಗದಲ್ಲಿ ಒಂದು ಗೇಣುದ್ದದ ರಬ್ಬರ್ ಹೋಸ್ ಇದೆ. ಹೊರಗೆ ನೋಡಿದರೆ ಹೊಸದರ ಹಾಗೆ. ಬ್ಲೇಡಿನಿಂದ ಉದ್ದಕ್ಕೆ ಸೀಳಿದೆ. ಒಳಗಿನ ಪದರ ನೆನೆಸಿದ ಕಡಲೆಯ ಸಿಪ್ಪೆ ಹಾಗೆ ಉಬ್ಬಿ ಕಳಚಿಕೊಂಡಿತ್ತು. ಪಂಪ್ ಜೋರಾಗಿ ಎಳೆದಾಗ ಆ ಸಿಪ್ಪೆಯೇ ದಾರಿಗೆ ಅಡ್ಡ ಬರುತ್ತದೆ. ಗಾಡಿ ನಿಂತು ಐದು ನಿಮಿಷವಾದರೆ ಸಿಪ್ಪೆ ಸಡಿಲವಾಗುತ್ತದೆ, ಮತ್ತೆ ಚಾಲೂ.

ಈಗ ಬಂಕಿನಲ್ಲಿ ಸಿಗುವುದು 20 ಪರ್ಸೆಂಟ್ ಎಥನಾಲ್ ಸೇರಿದ ಪೆಟ್ರೋಲ್. ಹಳೇ ಕಾಲದ ರಬ್ಬರಿಗೆ ಎಥನಾಲ್ ಆಗಿಬರುವುದಿಲ್ಲ. ವರ್ಷಗಟ್ಟಲೆ ನಿಂತ ಟ್ಯಾಂಕಿನ ಗೋಡೆಗೆ ಅಂಟಿದ ಅಂಟನ್ನೂ ಅದು ಕರಗಿಸಿ ತರುತ್ತದೆ. ಹಳೇ ಪೆಟ್ರೋಲ್ ಗಾಡಿ ಇಟ್ಟುಕೊಂಡವರು ಹೋಸ್, ಪಂಪಿನ ಡಯಾಫ್ರಾಮ್, ಫ್ಲೋಟ್ ಚೇಂಬರಿನ ವಾಷರ್ ಇವನ್ನೆಲ್ಲ ಎಥನಾಲ್ ತಡೆಯುವ ರಬ್ಬರಿನವು ಕೇಳಿ ಹಾಕಿಸಿ. ಈ ವಿಷಯದಲ್ಲಿ ಕಂಜೂಸಿ ಬೇಡ. ರಬ್ಬರ್ ಸೋರಿದರೆ ಕೆಳಗೆ ಬಿಸಿ ಸೈಲೆನ್ಸರ್ ಪೈಪ್ ಇರುತ್ತದೆ.

ಟ್ಯಾಂಕ್ ಇಳಿಸಿ ತೊಳೆದು, ಹೋಸ್ ಹೊಸದು ಹಾಕಿ, ಮತ್ತೆ ಅಳೆದೆ. ನಿಮಿಷಕ್ಕೆ 600 ಎಂಎಲ್ ದಾಟಿತು. ರಿಂಗ್ ರೋಡಿನಲ್ಲಿ ಓಡಿಸಿದರೆ ಜಗ್ಗುವುದು ಪೂರಾ ಹೋಗಿತ್ತು. ಟ್ರಾಫಿಕ್ಕಿನಲ್ಲಿ ಜಾಸ್ತಿ ಓಡಿಸಲು ಆಗಲಿಲ್ಲ. ರೋಗ ಸಿಕ್ಕಿತು ಅಂದುಕೊಂಡು ಗಾಡಿ ಕೊಟ್ಟು ಕಳಿಸಿದೆ.

ಮತ್ತೆ ಬಂದರು

ನಾಲ್ಕನೇ ದಿನ ಅಕ್ಕೋರು ವಾಪಸ್ ಬಂದರು. ಸಿಟ್ಟೇನೂ ಇರಲಿಲ್ಲ. ನೋಟ್‌ಬುಕ್ ತೆರೆದು ಮುಂದೆ ಹಿಡಿದರು. ಹೊಸ ಸಾಲುಗಳು ಎರಡೇ. "ಜಗ್ಗುವುದು ನಿಂತಿದೆ. ಎಳೆಯುವುದಿಲ್ಲ."

"ಇವು ಎರಡೂ ಬ್ಯಾರೆ ಬ್ಯಾರೆ ಅಂತ ನಾ ಮೊದಲೇ ಬರದಿದ್ದೆ ನೋಡು ತಮ್ಮಾ," ಅಂದರು.

ಹಿಂದಿನ ಪುಟ ತಿರುವಿ ನೋಡಿದೆ. ನಿಜ. ಒಂದು ಕಡೆ "ಜಗ್ಗಿ ಜಗ್ಗಿ" ಅಂತ ಬರೆದಿದ್ದಾರೆ. ಇನ್ನೊಂದು ಕಡೆ "ತಿಣುಕುತ್ತದೆ", "ಸುಸ್ತು". ಒಂದೇ ಅರ್ಥದ ಮಾತು ಅಂತ ನಾನೇ ಕೂಡಿಸಿಕೊಂಡಿದ್ದೆ. ಪೆಟ್ರೋಲ್ ಸಾಲದಿದ್ದರೆ ಎಂಜಿನ್ ಜಗ್ಗುತ್ತದೆ, ಅದೂ ಓಡುತ್ತಾ ಓಡುತ್ತಾ ಒಂದೆರಡು ನಿಮಿಷ ಕಳೆದ ಮೇಲೆ. ಯಾಕೆಂದರೆ ಫ್ಲೋಟ್ ಚೇಂಬರ್ ಖಾಲಿಯಾಗಲು ಅಷ್ಟು ಹೊತ್ತು ಬೇಕು. ಆದರೆ ಥರ್ಡ್ ಗೇರಿನಲ್ಲಿ 45ಕ್ಕೆ ತಿಣುಕುವುದು ಹಾಗಲ್ಲ. ಅಲ್ಲಿ ಮುಟ್ಟಿದ ಕ್ಷಣವೇ ಶುರು. ಟಾಪ್ ಗೇರಿನಲ್ಲೂ ಅದೇ ಸುತ್ತಿಗೆ ಶುರು. ಗೇರ್ ಯಾವುದಾದರೂ 2600ಕ್ಕೇ ಕಟ್ಟಿಹಾಕಿದ ಹಾಗೆ ಆಗುವ ರೋಗ ಪೆಟ್ರೋಲಿನದಲ್ಲ. ಅದು ಸುತ್ತಿಗೆ ಸಂಬಂಧಪಟ್ಟದ್ದು. ಮೊದಲ ದಿನವೇ ಮೀಟರ್ ನನಗೆ ಅದನ್ನು ಹೇಳಿತ್ತು.

ಆದರೂ ಪೆಟ್ರೋಲನ್ನು ಪಕ್ಕಾ ದೂರ ಇಡಬೇಕಿತ್ತು. ಪೂರಾ ಒತ್ತಿದರೆ ಸುಸ್ತು, ಬಿಟ್ಟರೆ ಹಗುರ ಅನ್ನುವ ಸಾಲು ನನ್ನನ್ನು ಇನ್ನೂ ಕಾಡುತ್ತಿತ್ತು. ಅದು ಪೆಟ್ರೋಲ್ ಕೊರತೆಯ ಲಕ್ಷಣವೇ ಅಲ್ವಾ? ಇದಕ್ಕೆ ಹಳೇ ಉಸ್ತಾದರು ಕಲಿಸಿದ ಒಂದು ಪರೀಕ್ಷೆ ಇದೆ. ಗಾಡಿ ತಿಣುಕುವ ಹೊತ್ತಿಗೆ ಚೋಕ್ ಅರ್ಧ ಇಂಚು ಎಳೆಯಬೇಕು. ಎಸ್‌ಯು ಕಾರ್ಬೋರೇಟರಿನಲ್ಲಿ ಚೋಕ್ ಎಳೆದರೆ ಜೆಟ್ ಕೆಳಗಿಳಿದು ಪೆಟ್ರೋಲ್ ಜಾಸ್ತಿ ಬರುತ್ತದೆ. ಪೆಟ್ರೋಲ್ ಸಾಲದೆ ತಿಣುಕುತ್ತಿದ್ದರೆ ಆ ಕ್ಷಣವೇ ಚೇತರಿಸಿಕೊಳ್ಳುತ್ತದೆ. ಹುಮನಾಬಾದ ರಸ್ತೆಯಲ್ಲಿ 65ಕ್ಕೆ ಬಂದಾಗ ಎಳೆದೆ. ಗಾಡಿ ಇನ್ನೂ ಮಂದವಾಯಿತು, ಹಿಂದೆ ಕರಿ ಹೊಗೆ ಕಾಣಿಸಿತು. ಪೆಟ್ರೋಲಿನ ಮಾತು ಅಲ್ಲಿಗೆ ಮುಗಿಯಿತು.

ಉಳಿದವನ್ನು ಬೇಗ ಬೇಗ ಹೇಳಿಬಿಡುತ್ತೇನೆ. ಕಂಪ್ರೆಷನ್ ನಾಲ್ಕೂ ಸಿಲಿಂಡರಿನಲ್ಲಿ 120 ಪೌಂಡ್ ಆಸುಪಾಸು, ತೀರಾ ವ್ಯತ್ಯಾಸ ಇಲ್ಲ. ವಾಲ್ವಿನ ಟ್ಯಾಪೆಟ್ ಸಂದು 15 ಥೌ (ಇಂಚಿನ ಸಾವಿರದಲ್ಲಿ 15 ಭಾಗ) ಇರಬೇಕು, ಇತ್ತು. ಸ್ಪಾರ್ಕ್ ಹುಟ್ಟಿಸಲು ತೆರೆದು ಮುಚ್ಚುವ ಹೊಸ ಪಾಯಿಂಟಿನ ಸ್ಪ್ರಿಂಗ್ ಸಡಿಲ ಇದ್ದರೆ ಜೋರು ಸುತ್ತಿನಲ್ಲಿ ಪಾಯಿಂಟ್ ಕುಣಿದು ಮಿಸ್ಸಿಂಗ್ ಬರುತ್ತದೆ. 4000 ಆರ್‌ಪಿಎಂನಲ್ಲಿ ಆ ಪಾಯಿಂಟ್ ನಿಮಿಷಕ್ಕೆ 8000 ಸಲ ತೆರೆದು ಮುಚ್ಚಬೇಕು. ಆದರೆ ಪಾಯಿಂಟ್ ಎಷ್ಟು ಡಿಗ್ರಿ ಮುಚ್ಚಿರುತ್ತದೆ ಅಂತ ಅಳೆಯುವ ಡ್ವೆಲ್ ಮೀಟರಿನಲ್ಲಿ 60 ಡಿಗ್ರಿ ಬಂತು, ರೇಸ್ ಮಾಡಿದರೂ ಅಲುಗಾಡಲಿಲ್ಲ. ಪಾಯಿಂಟ್ ಚೆನ್ನಾಗಿದೆ.

ಸೈಲೆನ್ಸರ್ ಮೇಲೆ ಮಾತ್ರ ನನಗೆ ಗಟ್ಟಿ ಅನುಮಾನ ಇತ್ತು. ಆರು ವರ್ಷ ನಿಂತ ಗಾಡಿ, ಒಳಗೆ ತುಕ್ಕು ಹಿಡಿದು ತಗಡು ಕಳಚಿ ಬಿದ್ದಿದ್ದರೆ ಹೊಗೆ ಹೊರಗೆ ಹೋಗಲಾರದೆ ಎಂಜಿನ್ನಿಗೆ ಉಸಿರು ಕಟ್ಟುತ್ತದೆ. ಎಂಜಿನ್ ಬಿಸಿಯೂ ಆಗುತ್ತದೆ. ಅಕ್ಕೋರ "ನೀರು ಬಿಸಿ" ಸಾಲು ಆಗ ಮೊದಲ ಸಲ ನನ್ನ ತಲೆಯಲ್ಲಿ ಟಿಕ್ ಅಂದಿತು. ಸೈಲೆನ್ಸರ್ ಕಡಿಸುವ ಮುಂಚೆ ಎಂಜಿನ್ ಗಾಳಿ ಎಳೆಯುವ ಬಲ ಅಳೆಯುವ ವ್ಯಾಕ್ಯೂಮ್ ಗೇಜ್ ಹಾಕಿ ನೋಡಿದೆ. ಸಮುದ್ರ ಮಟ್ಟದಲ್ಲಿ ಒಳ್ಳೇ ಎಂಜಿನ್ ಐಡಲಿಂಗ್‌ನಲ್ಲಿ 17ರಿಂದ 21 ಇಂಚು ತೋರಿಸುತ್ತದೆ. ಕಲಬುರಗಿ ಸುಮಾರು 450 ಮೀಟರ್ ಎತ್ತರದಲ್ಲಿದೆ, ಒಂದೂವರೆ ಇಂಚು ಕಡಿಮೆ ಹಿಡಿಯಬೇಕು. ನನಗೆ 17 ಬಂತು, ಮುಳ್ಳು ಸ್ಥಿರ. ರೇಸ್ ಮಾಡಿ 2500ರಲ್ಲಿ ಒಂದು ನಿಮಿಷ ಹಿಡಿದೆ. ಸೈಲೆನ್ಸರ್ ಕಟ್ಟಿದ್ದರೆ ಮುಳ್ಳು ಮೆಲ್ಲಗೆ ಇಳಿಯುತ್ತಾ ಹೋಗಬೇಕು. ಇಳಿಯಲಿಲ್ಲ. ಹಿಂದೆ ಪೈಪಿನ ಬಾಯಿಗೆ ಕೈ ಹಿಡಿದರೂ ಹೊಗೆ ಧಾರಾಳವಾಗಿ ಬರುತ್ತಿತ್ತು.

ಆದರೆ ಆ ಒಂದು ನಿಮಿಷದಲ್ಲಿ ಇನ್ನೊಂದು ಕಂಡಿತು. ಎಂಜಿನ್ನಿನಿಂದ ಹೊಗೆ ಹೊರಬರುವ ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಹತ್ತಿರ ಮುಖ ತಂದರೆ ಒಲೆಯ ಮುಂದೆ ನಿಂತ ಹಾಗೆ ಝಳ. ಅದರ ಮೇಲೆ ಹೊಡೆದಿದ್ದ ಬೆಳ್ಳಿ ಬಣ್ಣ ಸುಟ್ಟು ಬೂದಿಯಾಗಿತ್ತು. ಗಾಡಿ ನಿಂತಲ್ಲೇ ನಿಂತಿದೆ, ಭಾರ ಇಲ್ಲ, 2500 ಸುತ್ತಿಗೆ ಇಷ್ಟು ಕಾವು ಯಾಕೆ?

ಸಿಲಿಂಡರಿನಲ್ಲಿ ಉರಿದು ಮುಗಿಯಬೇಕಾದದ್ದು ಹೊರಗೆ ಬಂದು ಉರಿಯುತ್ತಿದೆ. ಅಂದರೆ ಬೆಂಕಿ ತಡವಾಗಿ ಹತ್ತುತ್ತಿದೆ. ಅಂದರೆ ಟೈಮಿಂಗ್.

ಮೂರು ಬಿಲ್ಲಿನಲ್ಲಿ "ಸರಿ ಇದೆ" ಅಂತ ಬರೆದಿದ್ದ ಟೈಮಿಂಗ್.

ನಿಂತಾಗ ಸರಿ, ಓಡುವಾಗ ತಪ್ಪು

ಬಲ್ಬ್ ಹಚ್ಚಿ ಟೈಮಿಂಗ್ ನೋಡುವ ಪದ್ಧತಿ ನಮ್ಮಲ್ಲಿ ಹಳೆಯದು. ಎಂಜಿನ್ ಬಂದ್ ಇರುವಾಗ ಪುಲ್ಲಿಯನ್ನು ಕೈಯಿಂದ ತಿರುಗಿಸಿ, ಗುರುತಿನ ಹತ್ತಿರ ಬಂದಾಗ ಬಲ್ಬ್ ಹತ್ತುತ್ತದೋ ನೋಡುವುದು. ಹಾಗೆ ನೋಡಿದೆ. ಬಿಲ್ಲಿನಲ್ಲಿ ಬರೆದದ್ದು ನಿಜ, ಗುರುತು ಸರಿಯಾಗಿಯೇ ಇತ್ತು.

ಆದರೆ ಇದು ನಿಂತ ಎಂಜಿನ್ನಿನ ಸತ್ಯ ಮಾತ್ರ. ಸ್ಪಾರ್ಕ್ ಬಿದ್ದ ಕೂಡಲೇ ಪೆಟ್ರೋಲ್ ಒಂದೇ ಏಟಿಗೆ ಉರಿದುಬಿಡುವುದಿಲ್ಲ. ಒಂದು ಮೂಲೆಯಲ್ಲಿ ಹತ್ತಿ, ಹರಡಿ, ಒತ್ತಡ ಏರಲು ಸ್ವಲ್ಪ ಹೊತ್ತು ಬೇಕು. 1000 ಆರ್‌ಪಿಎಂನಲ್ಲಿ ಒಂದು ಸುತ್ತಿಗೆ 60 ಮಿಲಿಸೆಕೆಂಡ್ ಸಿಗುತ್ತದೆ. 4000ದಲ್ಲಿ ಸಿಗುವುದು 15 ಮಾತ್ರ. ಉರಿಯಲು ಬೇಕಾದ ಹೊತ್ತು ಅದೇ ಪ್ರಮಾಣದಲ್ಲಿ ಕಡಿಮೆ ಆಗುವುದಿಲ್ಲ. ಹಾಗಾಗಿ ಎಂಜಿನ್ ಜೋರಾದಂತೆ ಸ್ಪಾರ್ಕ್ ಮೊದಲೇ ಬೀಳಬೇಕು. ಐಡಲಿಂಗ್‌ನಲ್ಲಿ ಪಿಸ್ಟನ್ ಮೇಲಿನ ತುದಿ ಮುಟ್ಟುವ 5 ಡಿಗ್ರಿ ಮುಂಚೆ ಸಾಕು. 3000ದ ಮೇಲೆ ಇಂಥ ಎಂಜಿನ್ನಿಗೆ 25-30 ಡಿಗ್ರಿ ಹತ್ತಿರ ಬೇಕಾಗುತ್ತದೆ.

ಈ ಕೆಲಸವನ್ನು ಮಾಡಲು ಪ್ಲಗ್ಗುಗಳಿಗೆ ಸ್ಪಾರ್ಕ್ ಹಂಚುವ ಡಿಸ್ಟ್ರಿಬ್ಯೂಟರಿನ ಹೊಟ್ಟೆಯಲ್ಲಿ ಎರಡು ಸಣ್ಣ ತೂಕದ ತುಂಡುಗಳಿವೆ. ಸುತ್ತು ಜೋರಾದಂತೆ ಅವು ಹೊರಕ್ಕೆ ಚಾಚಿ, ಪಾಯಿಂಟ್ ತೆರೆಯುವ ಕ್ಯಾಮನ್ನು ಮುಂದಕ್ಕೆ ತಿರುಗಿಸುತ್ತವೆ. ಎರಡು ಸ್ಪ್ರಿಂಗ್ ಅವನ್ನು ಹಿಂದಕ್ಕೆ ಎಳೆದು ಹಿಡಿದಿರುತ್ತವೆ. ಇದರ ಪಕ್ಕದಲ್ಲೇ ಒಂದು ವ್ಯಾಕ್ಯೂಮ್ ಡಬ್ಬಿ ಇರುತ್ತದೆ. ಎಕ್ಸಲೇಟರ್ ಹಗುರವಾಗಿ ಒತ್ತಿದಾಗ ಅದು ಇನ್ನಷ್ಟು ಮುಂದಕ್ಕೆ ಎಳೆಯುತ್ತದೆ. ಪೂರಾ ಒತ್ತಿದರೆ ವ್ಯಾಕ್ಯೂಮ್ ಹೋಗುತ್ತದೆ, ಡಬ್ಬಿ ಕೈಬಿಡುತ್ತದೆ.

ಇದನ್ನು ಹುಡುಗನಿಗೆ ವಿವರಿಸುತ್ತಾ ಇರುವಾಗಲೇ ನನ್ನ ಮಾತು ನಿಂತಿತು. "ಪೂರಾ ಒತ್ತಿದರೆ ಸುಸ್ತು. ಸ್ವಲ್ಪ ಬಿಟ್ಟರೆ ಹಗುರ." ತೂಕದ ತುಂಡುಗಳು ಕೆಲಸ ಬಿಟ್ಟು, ಡಬ್ಬಿ ಒಂದೇ ಕೆಲಸ ಮಾಡುತ್ತಿದ್ದರೆ ಗಾಡಿ ನಡೆದುಕೊಳ್ಳುವುದು ಥೇಟ್ ಹೀಗೇ. ಅಕ್ಕೋರು ಒಂದು ಸಾಲಿನಲ್ಲಿ ರೋಗದ ಹೆಸರು ಬಿಟ್ಟು ಉಳಿದದ್ದೆಲ್ಲ ಬರೆದಿಟ್ಟಿದ್ದರು.

ಸಂಜೆ ಕತ್ತಲಾಗುವ ತನಕ ಕಾದೆವು. ಪುಲ್ಲಿಯ ಗುರುತಿಗೆ ಸುಣ್ಣದಕಡ್ಡಿಯಿಂದ ಬಿಳಿ ಬಳಿದೆ. ವ್ಯಾಕ್ಯೂಮ್ ಪೈಪ್ ಬಿಚ್ಚಿ ಬಾಯಿ ಮುಚ್ಚಿದೆ, ಯಾಕೆಂದರೆ ತೂಕದ ಕೆಲಸ ಒಂದನ್ನೇ ನೋಡಬೇಕಿತ್ತು. ಮೊದಲನೇ ಪ್ಲಗ್ಗಿನ ವೈರಿಗೆ ಟೈಮಿಂಗ್ ಲೈಟ್ ಸಿಕ್ಕಿಸಿ, ಹುಡುಗನಿಗೆ ಮೆಲ್ಲಗೆ ರೇಸ್ ಮಾಡು ಅಂದೆ. ಲೈಟ್ ಮಿಣಿಮಿಣಿ ಹೊಡೆಯುವಾಗ ತಿರುಗುವ ಪುಲ್ಲಿ ನಿಂತ ಹಾಗೆ ಕಾಣುತ್ತದೆ. 800, 1500, 2000, 3000. ಬಿಳಿ ಗುರುತು ಪುಲ್ಲಿ ಪಕ್ಕದಲ್ಲಿ ಡಿಗ್ರಿ ತೋರಿಸುವ ಸಾಲುಸಾಲು ಹಲ್ಲುಗಳ ಮೇಲೆ ಮುಂದಕ್ಕೆ ಸರಿಯುತ್ತಾ ಹೋಗಬೇಕು. ಸರಿಯಲಿಲ್ಲ. 4 ಡಿಗ್ರಿಯಲ್ಲಿ ಮೊಳೆ ಹೊಡೆದ ಹಾಗೆ ಕೂತಿತ್ತು. ಅಕ್ಕೋರೂ ಬಗ್ಗಿ ನೋಡಿದರು.

"ಇದು ಸರಿಬೇಕಿತ್ತೇನು?"

"ಹೌದ್ರಿ. ಒಂದು ಬೆರಳಿನಷ್ಟಾದ್ರೂ ಸರಿಬೇಕಿತ್ತು."

ಸ್ಪಾರ್ಕ್ ತಡವಾದರೆ ಯಾಕೆ ಎಳೆಯುವುದಿಲ್ಲ ಅಂತ ಹೇಳಿದೆ. ಅವರು ಒಂದು ಗಳಿಗೆ ಯೋಚಿಸಿ, "ಪಂಚಮಿ ಜೋಕಾಲಿ ಇದ್ದಂಗ ಅನ್ನು. ಜೋಕಾಲಿ ಮುಂದ ಹೋದ ಮ್ಯಾಲ ದೂಡಿದ್ರ ಕೈ ಗಾಳಿಗಿ ಹೋಗ್ತದ," ಅಂದರು. ಇದಕ್ಕಿಂತ ಚೆನ್ನಾಗಿ ನನಗೆ ಹೇಳಲು ಬರುವುದಿಲ್ಲ. ಈಗ ಗ್ಯಾರೇಜಿನ ಹುಡುಗರಿಗೆ ನಾನೂ ಹಾಗೇ ಹೇಳಿಕೊಡುತ್ತೇನೆ.

ನೀರು ಬಿಸಿಯಾಗುವುದೂ ಇದೇ ರೋಗ. ದೂಡಲು ಬಳಕೆಯಾಗದ ಬೆಂಕಿ ಎಲ್ಲಿಗೆ ಹೋಗಬೇಕು? ಮ್ಯಾನಿಫೋಲ್ಡಿಗೆ, ಹೆಡ್ಡಿಗೆ, ನೀರಿಗೆ. ಬೇಸಿಗೆಯ ಮೇಲೆ ಹಾಕಿ ನಾನು ಬಿಟ್ಟಿದ್ದ ಸಾಲು ಅದು.

ಬಿಚ್ಚಿದಾಗ ಕಂಡದ್ದು

ಟೈಮಿಂಗ್ ಲೈಟ್ ಇಲ್ಲದವರಿಗೂ ಒಂದು ಉಪಾಯ ಇದೆ. ಎಂಜಿನ್ ಬಂದ್ ಮಾಡಿ, ಡಿಸ್ಟ್ರಿಬ್ಯೂಟರ್ ಕ್ಯಾಪ್ ತೆಗೆದು, ಅದರ ಕೆಳಗೆ ತಿರುಗುವ ರೋಟರನ್ನು ಬೆರಳಿನಲ್ಲಿ ಹಿಡಿದು ಅದು ತಿರುಗುವ ದಿಕ್ಕಿಗೆ ತಿರುವಿ ನೋಡಿ. ಈ ಎಂಜಿನ್ನಿನಲ್ಲಿ ಅದು ಗಡಿಯಾರದ ಮುಳ್ಳಿಗೆ ಉಲ್ಟಾ ದಿಕ್ಕು. ಸ್ವಲ್ಪ ತಿರುಗಬೇಕು, ಬಿಟ್ಟರೆ ಸ್ಪ್ರಿಂಗ್ ಎಳೆದು ತಾನಾಗಿ ವಾಪಸ್ ಬರಬೇಕು. ನಮ್ಮ ಗಾಡಿಯಲ್ಲಿ ಶಹಾಬಾದ್ ಕಲ್ಲಿಗೆ ಕಟ್ಟಿದ ಗೂಟದ ಹಾಗೆ ಇತ್ತು. ಒಂದು ಕೂದಲೆಳೆ ಅಲುಗಲಿಲ್ಲ. ಅರ್ಧ ನಿಮಿಷದ ಕೆಲಸ, ಒಂದು ಪೈಸೆ ಖರ್ಚಿಲ್ಲ. ಮೊದಲ ದಿನ ನಾನು ಇದನ್ನು ಮಾಡಲಿಲ್ಲ ಅನ್ನುವುದು ನನಗೆ ಈಗಲೂ ಬೇಸರ.

ವ್ಯಾಕ್ಯೂಮ್ ಡಬ್ಬಿಯ ಪೈಪನ್ನು ಬಾಯಿಂದ ಹೀರಿ ನಾಲಿಗೆ ಒತ್ತಿ ಹಿಡಿದೆ. ಪ್ಲೇಟ್ ಸರಿದು ನಿಂತಿತು. ಡಬ್ಬಿ ಗಟ್ಟಿ ಇದೆ.

ಡಿಸ್ಟ್ರಿಬ್ಯೂಟರ್ ಹೊರಗೆ ತೆಗೆಯುವಾಗ ಕ್ಲ್ಯಾಂಪಿನ ನಟ್ ಸಡಿಲ ಮಾಡಬೇಡಿ. ಕ್ಲ್ಯಾಂಪ್ ಪ್ಲೇಟನ್ನು ಬ್ಲಾಕಿಗೆ ಹಿಡಿದ ಎರಡು ಬೋಲ್ಟ್ ಬಿಚ್ಚಿ, ಪ್ಲೇಟಿನ ಸಮೇತ ಎತ್ತಿದರೆ ಟೈಮಿಂಗ್ ಕೆಡುವುದಿಲ್ಲ. ಕೆಳಗಿನ ಹಲ್ಲು ಮಧ್ಯದಿಂದ ಸ್ವಲ್ಪ ಪಕ್ಕಕ್ಕೆ ಇರುವುದರಿಂದ ವಾಪಸ್ ಕೂರುವುದೂ ಒಂದೇ ರೀತಿ.

ಬೆಂಚಿನ ಮೇಲೆ ಹಳೇ ಬಿಳಿ ಪಂಚೆಯ ತುಂಡು ಹಾಸಿ ಬಿಚ್ಚಿದೆ. ಪಾಯಿಂಟ್ ಪ್ಲೇಟ್ ಎತ್ತಿದ ಕೂಡಲೇ ಹಳೇ ಎಣ್ಣೆ ಸುಟ್ಟ ವಾಸನೆ ಬಂತು. ಕೆಳಗೆ ಎರಡು ತುಂಡುಗಳೂ ಕಾಣುತ್ತಲೇ ಇರಲಿಲ್ಲ. ಕಂದು ಬಣ್ಣದ ಗಟ್ಟಿ ಅಂಟು, ಅದರಲ್ಲಿ ಕೆಮ್ಮಣ್ಣಿನಂಥ ತುಕ್ಕಿನ ಪುಡಿ, ಮೇಲೆ ನಮ್ಮೂರ ಧೂಳು. ಆರಿದ ಬೆಲ್ಲದ ಪಾಕದಲ್ಲಿ ಶೇಂಗಾ ಕಾಳು ಸಿಕ್ಕಿಕೊಂಡ ಹಾಗೆ ಕೂತಿದ್ದವು. ಯಾರೋ ಎಂದೋ ಎಣ್ಣೆಯ ಬದಲು ಗ್ರೀಸ್ ತುಂಬಿದ್ದಾರೆ. ಅದು ಆರು ವರ್ಷ ಬಿಸಿಲಿಗೆ ಒಣಗಿದೆ. ಒಂದು ತುಂಡಿನ ಗೂಟಕ್ಕೆ ತುಕ್ಕು ಹಿಡಿದು ಕಚ್ಚಿಕೊಂಡಿತ್ತು.

ರಾತ್ರಿ ಡೀಸೆಲ್‌ನಲ್ಲಿ ಮುಳುಗಿಸಿ ಇಟ್ಟೆ. ಬೆಳಗ್ಗೆ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ, ಪೆಟ್ರೋಲಿನಲ್ಲಿ ತೊಳೆದೆ. ಗೂಟಗಳಿಗೆ ತೀರಾ ನಯವಾದ ಪಾಲಿಶ್ ಪೇಪರ್ ಸವರಿದೆ. ಜೋರಾಗಿ ತಿಕ್ಕಬಾರದು, ಸವೆದರೆ ತುಂಡು ಅಲುಗಾಡಿ ಟೈಮಿಂಗ್ ಕುಣಿಯುತ್ತದೆ. ಕೂಡಿಸುವಾಗ ತೆಳು ಎಣ್ಣೆ ಒಂದೊಂದು ಹನಿ ಮಾತ್ರ.

ಸ್ಪ್ರಿಂಗ್ ವಿಷಯದಲ್ಲಿ ಒಂದು ಮಾತು. ಎರಡರಲ್ಲಿ ಒಂದು ಸ್ಪ್ರಿಂಗ್ ತೆಳ್ಳಗೆ, ಬಿಗಿಯಾಗಿ ಇರುತ್ತದೆ. ಇನ್ನೊಂದು ದಪ್ಪ, ಅದರ ಕೊಂಡಿ ಸಡಿಲವಾಗಿ ನೇತಾಡುತ್ತದೆ. ನಮ್ಮ ಹುಡುಗ ಅದನ್ನು ನೋಡಿ, ಕೆಟ್ಟಿದೆ ಅಂತ ಇಕ್ಕಳ ಹಿಡಿದು ಬಗ್ಗಿಸಲು ಹೊರಟಿದ್ದ. ಕೈ ಹಿಡಿದು ನಿಲ್ಲಿಸಿದೆ. ಅದು ಹಾಗೇ ಇರಬೇಕು. ಕೆಳಗಿನ ಸುತ್ತಿನಲ್ಲಿ ತೆಳು ಸ್ಪ್ರಿಂಗ್ ಒಂದೇ ಹಿಡಿಯುತ್ತದೆ, ಟೈಮಿಂಗ್ ಬೇಗ ಬೇಗ ಮುಂದೆ ಹೋಗುತ್ತದೆ. ಒಂದು ಮಟ್ಟ ದಾಟಿದ ಮೇಲೆ ದಪ್ಪ ಸ್ಪ್ರಿಂಗ್ ಸೇರಿಕೊಂಡು ಓಟವನ್ನು ತಡೆಯುತ್ತದೆ. ಆ ಸಡಿಲವನ್ನು ಬಿಗಿ ಮಾಡಿದರೆ ಮತ್ತೊಂದು ರೋಗ ಹುಟ್ಟಿಸಿದ ಹಾಗೆ.

ಕೂಡಿಸಿದ ಮೇಲೆ ರೋಟರ್ ತಿರುವಿ ಬಿಟ್ಟೆ. "ಚಟ್" ಅಂತ ವಾಪಸ್ ಬಂತು. ಆ ಶಬ್ದವನ್ನು ನಾಲ್ಕೈದು ಸಲ ಸುಮ್ನೆ ಕೇಳಿದೆ.

ಗಾಡಿಗೆ ಹಾಕಿ, ಲೈಟ್ ಹಿಡಿದಾಗ ಬಿಳಿ ಗುರುತು 1000ದ ಮೇಲೆ ಹೊರಟಿತು. 3000ಕ್ಕೆ ಬರುವಷ್ಟರಲ್ಲಿ ಹಲ್ಲುಗಳನ್ನೆಲ್ಲ ದಾಟಿ ಮುಂದೆ ಹೋಗಿತ್ತು. ಐಡಲಿಂಗ್ ಟೈಮಿಂಗನ್ನು 5 ಡಿಗ್ರಿಗೆ ತಂದು ಬಿಗಿ ಮಾಡಿದೆ. ಕಾರ್ಬೋರೇಟರಿನ ಜೆಟ್ ನಟ್ಟನ್ನು ಎರಡು ಮುಖದಷ್ಟು ಕೆಳಕ್ಕೆ ತಿರುಗಿಸಿದೆ, ಎಥನಾಲ್ ಸೇರಿದ ಪೆಟ್ರೋಲಿಗೆ ಮಿಶ್ರಣ ಸ್ವಲ್ಪ ದಪ್ಪ ಬೇಕು.

ಹುಮನಾಬಾದ ರಸ್ತೆ

ಈ ಸಲ ಊರೊಳಗೆ ಓಡಿಸಿ ಕೈ ತೊಳೆದುಕೊಳ್ಳಲಿಲ್ಲ. ಅಕ್ಕೋರನ್ನೇ ಸ್ಟಿಯರಿಂಗ್‌ಗೆ ಕೂರಿಸಿ, ಮಧ್ಯಾಹ್ನ ಎರಡಕ್ಕೆ, ಬೇಕಂತಲೇ ಬಿಸಿಲು ಜೋರಿರುವ ಹೊತ್ತಿಗೆ ಹೊರಟೆವು. ಮೀಟರ್ ನನ್ನ ತೊಡೆಯ ಮೇಲಿತ್ತು. ಊರು ದಾಟಿ ತೊಗರಿ ಹೊಲಗಳು ಶುರುವಾದ ಮೇಲೆ, "ಈಗ ಒತ್ರಿ ಅಕ್ಕೋರೆ," ಅಂದೆ.

ಥರ್ಡ್ ಗೇರಿನಲ್ಲಿ 45 ಬಂತು, ಹೋಯಿತು. 50ರ ಮೇಲೆ ಟಾಪ್ ಹಾಕಿದರು. 65, 70, 75. ಮೀಟರಿನಲ್ಲಿ 3000 ದಾಟಿತು. ಎಂಜಿನ್ ಶಬ್ದ ಒರಟಾಗಲಿಲ್ಲ, ತುಂಬಿಕೊಂಡಿತು. ಅಕ್ಕೋರು ಏನೂ ಮಾತಾಡಲಿಲ್ಲ. 80ಕ್ಕೆ ಬಂದಾಗ ತಾವೇ ಕಾಲು ಸಡಿಲ ಬಿಟ್ಟರು. ಬಾನೆಟ್ಟಿನ ಕಡೆ ನೋಡುತ್ತಾ, "ಇದಪ್ಪಾ. ಇದು ಅವರು ಓಡಸ್ತಿದ್ದ ಗಾಡಿ," ಅಂದರು.

ಕಮಲಾಪುರದಲ್ಲಿ ಗಾಡಿ ನಿಲ್ಲಿಸಿ ಕೆಂಪು ಬಾಳೆಹಣ್ಣು ತೆಗೆದುಕೊಂಡರು. ನಾನು ಬಾನೆಟ್ ಎತ್ತಿ ನೋಡಿದೆ. ನೀರಿನ ಮುಳ್ಳು ಅರ್ಧದ ಹತ್ತಿರವೇ ಇತ್ತು, ಆ 42 ಡಿಗ್ರಿ ಬಿಸಿಲಿನಲ್ಲಿ. ಪೂರಾ ಒತ್ತಿದಾಗ ಟಿಣ್ ಟಿಣ್ ಅನ್ನುವ ನಾಕಿಂಗ್ ಕೂಡ ಇರಲಿಲ್ಲ. ಹಿಂತಿರುಗುವಾಗ ಬೇಕಂತ ಒಂದು ಏರಿನಲ್ಲಿ ಟಾಪ್ ಗೇರಿನಲ್ಲೇ ಹತ್ತಿಸಿದೆವು, ಅಲ್ಲೂ ಸೈ.

ಬಿಲ್ಲು ಬರೆಯುವಾಗ ಟ್ಯಾಂಕ್ ತೊಳೆದದ್ದು, ಹೋಸ್ ಮತ್ತು ಡಿಸ್ಟ್ರಿಬ್ಯೂಟರ್ ಸರ್ವಿಸ್ ಇಷ್ಟನ್ನೇ ಹಾಕಿದೆ. ಎರಡನೇ ಸಲ ಹುಡುಕಾಡಿದ ದಿನಗಳಿಗೆ ದುಡ್ಡು ಹಿಡಿಯಲಿಲ್ಲ. ಅವು ನಾನು ನೋಟ್‌ಬುಕ್ ಸರಿಯಾಗಿ ಓದದ್ದಕ್ಕೆ ಹೋದ ದಿನಗಳು.

ಹೊರಡುವ ಮುಂಚೆ ಅಕ್ಕೋರು ಕೇಳಿದರು: "ಇದು ಮತ್ತ ಹಿಡಕೋಬಾರದಂದ್ರ ನಾ ಏನ್ ಮಾಡಬೇಕು?"

ಕ್ಯಾಪ್ ತೆಗೆದು ತೋರಿಸಿದೆ. ರೋಟರನ್ನು ಮೇಲೆ ಎಳೆದರೆ ಬರುತ್ತದೆ. ಅದರ ಕೆಳಗೆ ಒಂದು ಸ್ಕ್ರೂ ತಲೆ. ಸ್ಕ್ರೂ ಬಿಚ್ಚಬೇಕಿಲ್ಲ, ಅದರ ಮೇಲೆ ಎಂಜಿನ್ ಆಯಿಲ್ ಎರಡು ಹನಿ ಬಿಟ್ಟರೆ ಒಳಗೆ ಇಳಿಯುತ್ತದೆ. ಪಾಯಿಂಟಿಗೆ ತಾಗಬಾರದು. ಆಮೇಲೆ ರೋಟರ್ ಕೂರಿಸಿ, ತಿರುವಿ ಬಿಟ್ಟು, "ಚಟ್" ಅನ್ನುತ್ತದೋ ಕೇಳಬೇಕು. ಅವರು ತಾವೇ ಒಂದು ಸಲ ಮಾಡಿ ನೋಡಿದರು. ಬೆರಳಿಗೆ ತಾಗಿದ ಎಣ್ಣೆಯನ್ನು ಸೆರಗಿಗೆ ಒರೆಸದೆ ನನ್ನ ಬಟ್ಟೆ ಕೇಳಿ ಒರೆಸಿಕೊಂಡು, ನೋಟ್‌ಬುಕ್ ತೆಗೆದು ಬಾನೆಟ್ ಮೇಲಿಟ್ಟುಕೊಂಡು ಬರೆದರು:

"ರೋಟರ್ ಕೆಳಗೆ ಎರಡು ಹನಿ. ಯುಗಾದಿಗೊಮ್ಮೆ, ಖಂಡೇಪೂಜೆಗೊಮ್ಮೆ. ಚಟ್ ಅನ್ನಬೇಕು."